ಡೆಂಟಲ್ ಕ್ಲಿನಿಕ್‌ನಲ್ಲಿ ಉಸಿರಾಟದ ಸೋಂಕು: ಬಾಗಿಲಲ್ಲೇ ಗುರುತಿಸಿ, ಬಾಯಿಯ ಬಳಿಯೇ ತಡೆಯಿರಿ

ಕೆಮ್ಮುತ್ತ ಬಂದ ರೋಗಿಗೆ ಬೇರೆ ಯಾವ ವೈದ್ಯರಾದರೂ ಮಾಸ್ಕ್ ಹಾಕಿಕೊಂಡು ಕೂರಿ ಎನ್ನಬಹುದು. ಹಲ್ಲಿನ ಡಾಕ್ಟರಿಗೆ ಆ ಅನುಕೂಲವಿಲ್ಲ. ರೋಗಿಯ ಬಾಯಿ ತೆರೆದೇ ಇರಬೇಕು, ಡಾಕ್ಟರ ಮುಖ ಅದರಿಂದ ಒಂದೂವರೆ ಅಡಿ ಆಚೆಗಷ್ಟೇ ಇರಬೇಕು, ನಡುವೆ ನೀರು ಚಿಮ್ಮುವ ಉಪಕರಣ ಓಡುತ್ತಿರಬೇಕು.

ಹಲ್ಲು ಕೊರೆಯುವ ಏರೋಟರ್ ಹ್ಯಾಂಡ್‌ಪೀಸಿನ ತುದಿ, ಅಂದರೆ ಬರ್, ನಿಮಿಷಕ್ಕೆ 3 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ತಂಪಾಗಿಡಲು ಬಿಡುವ ನೀರು ಎಂಜಲು, ರಕ್ತ, ಹಲ್ಲಿನ ಪುಡಿಯೊಂದಿಗೆ ಬೆರೆತು ಸಿಡಿಯುತ್ತದೆ. ಹಲ್ಲಿನ ಪಾಚಿ ಕೆರೆಯುವ ಅಲ್ಟ್ರಾಸಾನಿಕ್ ಸ್ಕೇಲರ್ ಇದಕ್ಕಿಂತ ಒಂದು ಕೈ ಮೇಲು. ಬಾಯಿಯಿಂದ ತುಂತುರು ಎಬ್ಬಿಸುವುದರಲ್ಲಿ ಅದನ್ನು ಮೀರಿಸುವ ಉಪಕರಣ ಕಡಿಮೆ. 50 ಮೈಕ್ರಾನ್‌ಗಿಂತ ದೊಡ್ಡ ಹನಿಗಳು ಎಸೆದ ಕಲ್ಲಿನಂತೆ ಹಾರಿ ರೋಗಿಯ ಎದೆ, ಡಾಕ್ಟರ ಕನ್ನಡಕ, ಪಕ್ಕದ ಟ್ರೇ ಮೇಲೆ ಬೀಳುತ್ತವೆ. ಅವನ್ನು ಒರೆಸಿದರೆ ಹೋಯಿತು. ಒರೆಸಲು ಸಿಗದಿರುವುದು ಸಣ್ಣ ಕಣಗಳು. ಅವು ಗಾಳಿಯಲ್ಲೇ ಒಣಗಿ ಇನ್ನಷ್ಟು ಹಗುರಾಗಿ, ರೋಗಿ ಎದ್ದು ಹೋದ ಮೇಲೂ ಕೋಣೆಯಲ್ಲಿ ತೇಲುತ್ತಿರುತ್ತವೆ.

ಆದ್ದರಿಂದ ತಡೆಯುವ ಕೆಲಸಕ್ಕೆ ಒಂದು ಕ್ರಮವಿದೆ. ಸೋಂಕಿರುವವರನ್ನು ಸಾಧ್ಯವಾದಷ್ಟು ಬೇರೆ ದಿನಕ್ಕೆ ಕಳಿಸುವುದು ಮೊದಲನೆಯದು. ಎರಡನೆಯದು, ತುಂತುರನ್ನು ಬಾಯಿಯ ಬಳಿಯೇ ಹೀರಿಕೊಳ್ಳುವುದು. ಮೂರನೆಯದು, ತಪ್ಪಿಸಿಕೊಂಡದ್ದನ್ನು ಕೋಣೆಯ ಗಾಳಿಯಿಂದ ಹೊರಗಟ್ಟುವುದು. ಮಾಸ್ಕ್, ಗೌನು ಇವೆಲ್ಲ ಕೊನೆಯ ಬೇಲಿ. ಹಲವು ಕ್ಲಿನಿಕ್‌ಗಳಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ: ಮೈತುಂಬ ಪಿಪಿಇ, ಆದರೆ ತುಂತುರು ಹೀರುವ ಸಕ್ಷನ್ ಕೊಳವೆಯ ತುದಿ ಮೂಲೆಯಲ್ಲಿ ನೇತಾಡುತ್ತಿರುತ್ತದೆ.

ಫೋನಿನಲ್ಲಿ ಕೇಳಬೇಕಾದದ್ದು

ಅಪಾಯಿಂಟ್‌ಮೆಂಟ್ ಕೊಡುವಾಗ ಒಮ್ಮೆ, ಹಿಂದಿನ ದಿನ ನೆನಪಿಸುವಾಗ ಇನ್ನೊಮ್ಮೆ ಕೇಳಿ. "ಹುಷಾರಾಗಿದ್ದೀರಾ?" ಎಂಬ ಪ್ರಶ್ನೆಯಿಂದ ಏನೂ ಸಿಗುವುದಿಲ್ಲ, ಎಲ್ಲರೂ ಹೂಂ ಎನ್ನುತ್ತಾರೆ. ಪ್ರಶ್ನೆ ನಿರ್ದಿಷ್ಟವಾಗಿರಲಿ:

1. ಈ ಹತ್ತು ದಿನಗಳಲ್ಲಿ ಜ್ವರ, ಹೊಸ ಕೆಮ್ಮು, ಗಂಟಲು ನೋವು, ನೆಗಡಿ, ವಾಸನೆ ತಿಳಿಯದಿರುವುದು ಇವುಗಳಲ್ಲಿ ಯಾವುದಾದರೂ ಬಂದಿತ್ತೇ?
2. ಕೆಮ್ಮು ಇದ್ದರೆ ಎಷ್ಟು ದಿನದಿಂದ? ಎರಡು ವಾರ ದಾಟಿದ್ದರೆ: ಸಂಜೆ ಹೊತ್ತು ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಕಫದಲ್ಲಿ ರಕ್ತ ಉಂಟೇ?
3. ಮೈಮೇಲೆ ದದ್ದು, ಗುಳ್ಳೆ, ಕಿವಿಯ ಕೆಳಗೆ ಊತ ಇದೆಯೇ?
4. ಮನೆಯಲ್ಲಿ ಅಥವಾ ಜೊತೆಗೆ ಕೆಲಸ ಮಾಡುವವರಲ್ಲಿ ಯಾರಿಗಾದರೂ ಫ್ಲೂ, ಕೋವಿಡ್, ದಡಾರ, ಟಿಬಿ ಇದೆಯೇ?
5. ಇವತ್ತು ಯಾವ ಮಾತ್ರೆ ನುಂಗಿದ್ದೀರಿ?

ಐದನೆಯ ಪ್ರಶ್ನೆಯನ್ನು ಬಿಡಬೇಡಿ. ಹಲ್ಲುನೋವಿನವರು ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ನುಂಗಿಯೇ ಬಂದಿರುತ್ತಾರೆ. ನೋವಿನ ಮಾತ್ರೆ ಜ್ವರವನ್ನೂ ಇಳಿಸಿರುತ್ತದೆ. ಬಾಗಿಲಲ್ಲಿ ಹಿಡಿದ ಥರ್ಮಾಮೀಟರ್ ಆಗ 36.8 ಡಿಗ್ರಿ ಸೆಲ್ಸಿಯಸ್ ತೋರಿಸಿದರೂ ಅದನ್ನು ನಂಬುವಂತಿಲ್ಲ. ಅದಕ್ಕೇ ಹಣೆಗೆ ಗುರಿಯಿಡುವ ಥರ್ಮಾಮೀಟರ್‌ಗಿಂತ ಈ ಪ್ರಶ್ನೆಗಳ ಚೀಟಿ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ದಿನ ಮುಂದೂಡಿದರೆ ಹಣ ಕಳೆದುಹೋಗುತ್ತದೆ, ಮತ್ತೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ ಎಂಬ ಭಯ ಇದ್ದವರು ಕೆಮ್ಮನ್ನು ಮುಚ್ಚಿಡುತ್ತಾರೆ. ಮುಂದೂಡಿದರೆ ಶುಲ್ಕವಿಲ್ಲ, ಹೆಚ್ಚು ಕಾಯಿಸದೆ ಇನ್ನೊಂದು ಸಮಯ ಖಂಡಿತ ಸಿಗುತ್ತದೆ ಎಂದು ಮೊದಲೇ ಹೇಳಿಬಿಡಿ. ಸತ್ಯ ಹೇಳಿದವರಿಗೆ ನಷ್ಟವಾಗದಂತೆ ನೋಡಿಕೊಂಡರೆ ಮಾತ್ರ ಸತ್ಯ ಸಿಗುತ್ತದೆ.

ಹೀಗಿದ್ದೂ ಕೆಮ್ಮುತ್ತ ಒಬ್ಬರು ಬಂದೇ ಬಿಟ್ಟರು ಅನ್ನಿ. ಬಾಗಿಲ ಬಳಿಯೇ ಮಾಸ್ಕ್, ಟಿಶ್ಯೂ, ಮುಚ್ಚಳದ ಕಸದಬುಟ್ಟಿ, ಕೈಗೆ ಹಚ್ಚುವ ಸ್ಯಾನಿಟೈಸರ್ ಇರಲಿ. ಕಾಯುವ ಜಾಗದಲ್ಲಿ ಕೂರಿಸಬೇಡಿ. ಮಾಸ್ಕ್ ಕೊಟ್ಟು ನೇರ ಒಂದು ಕೋಣೆಗೆ ಕರೆದೊಯ್ದು ಬಾಗಿಲು ಹಾಕಿ. ಕೋಣೆ ಇಲ್ಲದಿದ್ದರೆ ಹೊರಗೆ ತೆರೆದ ಗಾಳಿಯಲ್ಲಿ ಕಾಯುವುದೇ ಮೇಲು.

ಯಾವುದು ಏನಿರಬಹುದು

ರೋಗನಿರ್ಣಯ ಮಾಡುವುದು ಡೆಂಟಲ್ ಕ್ಲಿನಿಕ್‌ನ ಕೆಲಸವಲ್ಲ. ಇವತ್ತು ಈ ಬಾಯಿಯಲ್ಲಿ ಸ್ಕೇಲರ್ ಓಡಿಸಬಹುದೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ಅದಕ್ಕೆ ಬೇಕಾದಷ್ಟು ಗುರುತು ತಿಳಿದಿದ್ದರೆ ಸಾಕು.

ನೆಗಡಿ ಮೆಲ್ಲಗೆ ಏರುತ್ತದೆ. ಫ್ಲೂ ಹಾಗಲ್ಲ, ಬೆಳಿಗ್ಗೆ ಚೆನ್ನಾಗಿದ್ದವರು ಸಂಜೆಗೆ ಚಳಿ, ಜ್ವರ, ಮೈಕೈ ನೋವಿನಿಂದ ಮಲಗಿರುತ್ತಾರೆ. ಸೋಂಕು ತಗಲಿ 1ರಿಂದ 4 ದಿನಗಳಲ್ಲಿ ಫ್ಲೂ ಕಾಣಿಸಿಕೊಳ್ಳುತ್ತದೆ. ಲಕ್ಷಣ ಶುರುವಾಗುವ ಒಂದು ದಿನ ಮೊದಲಿನಿಂದ ಹಿಡಿದು 5ರಿಂದ 7 ದಿನದವರೆಗೂ ಅದು ಬೇರೆಯವರಿಗೆ ಹರಡಬಲ್ಲದು. ಕೋವಿಡ್ ಕಾಣಿಸಿಕೊಳ್ಳಲು 2ರಿಂದ 14 ದಿನ ಬೇಕು. ಲಕ್ಷಣಕ್ಕೆ ಮೊದಲೇ ಹರಡುವ ಗುಣ ಇವೆರಡಕ್ಕೂ ಇರುವುದರಿಂದ ಪ್ರಶ್ನೆ ಕೇಳುವುದರಿಂದಲೇ ಎಲ್ಲರನ್ನೂ ಹಿಡಿಯಲಾಗದು. ಸಕ್ಷನ್, ಗಾಳಿ, ಮಾಸ್ಕ್ ಪ್ರತಿ ರೋಗಿಗೂ ಬೇಕಾಗುವುದು ಇದೇ ಕಾರಣಕ್ಕೆ.

ನಾಯಿಕೆಮ್ಮು ಮೊದಲ ಒಂದೆರಡು ವಾರ ಸಾದಾ ನೆಗಡಿಯಂತೆಯೇ ಇದ್ದು, ಆಮೇಲೆ ಬಿಟ್ಟುಬಿಟ್ಟು ಬರುವ, ಉಸಿರು ಕಟ್ಟಿಸುವ ಕೆಮ್ಮಾಗುತ್ತದೆ. ಕೆಮ್ಮಿನ ಕೊನೆಗೆ ವಾಂತಿಯಾದರೆ ಅನುಮಾನ ಬಲವಾಗಬೇಕು. ದೊಡ್ಡವರಲ್ಲಿ ಆ ವಿಶಿಷ್ಟ 'ಊಪ್' ಸದ್ದು ಕೇಳದೆಯೂ ಇರಬಹುದು. ಅಲರ್ಜಿಯಾದರೆ ಕಣ್ಣು, ಮೂಗಿನ ತುರಿಕೆ, ಸಾಲುಸಾಲು ಸೀನು ಇರುತ್ತದೆ, ಜ್ವರ ಇರುವುದಿಲ್ಲ. ಬೀಡಿ ಸಿಗರೇಟಿನ ಹಳೆಯ ಕೆಮ್ಮಿನವರನ್ನು, ಉಬ್ಬಸದವರನ್ನು ಸುಮ್ಮನೆ ವಾಪಸ್ ಕಳಿಸಬಾರದು, "ಈ ವಾರ ಕೆಮ್ಮು ಬದಲಾಗಿದೆಯೇ?" ಎಂದು ಕೇಳಿ ನಿರ್ಧರಿಸಿ. ಸೋಂಕಿನಿಂದ ಹೆಚ್ಚು ಅಪಾಯ ಇರುವುದು ಅವರಿಗೇ. ಅವರಿಗೆ ದಿನದ ಮೊದಲ ಸಮಯ ಕೊಡಿ.

ಹಲ್ಲಿನ ಕೀವಿನಿಂದಲೂ ಜ್ವರ ಬರುತ್ತದೆ. ತಟ್ಟಿದರೆ ನೋಯುವ ಹಲ್ಲು, ಅದರ ಬುಡದಲ್ಲಿ ಊತ ಇದ್ದು, ಕೆಮ್ಮು, ನೆಗಡಿ, ಗಂಟಲು ನೋವು ಯಾವುದೂ ಇಲ್ಲದಿದ್ದರೆ ಜ್ವರಕ್ಕೆ ಕಾರಣ ಬಹುಶಃ ಆ ಹಲ್ಲೇ. ಅಂಥವರನ್ನು ಜ್ವರದ ನೆಪದಲ್ಲಿ ಮುಂದೂಡಿದರೆ ಕೀವು ಹರಡುತ್ತದೆ.

ಬಾಯಿ ತೆರೆದಾಗ ಕಾಣುವ ಸುಳಿವುಗಳು

ಬೇರೆ ಯಾರೂ ಇಷ್ಟು ಬೆಳಕು ಬಿಟ್ಟು ಬಾಯೊಳಗೆ ನೋಡುವುದಿಲ್ಲ. ಹಾಗಾಗಿ ಕೆಲವು ರೋಗಗಳು ಮೊದಲು ಕಣ್ಣಿಗೆ ಬೀಳಬಹುದಾದದ್ದು ಡೆಂಟಲ್ ಚೇರಿನಲ್ಲೇ.

ದಡಾರದ ಗುರುತು ಒಳಕೆನ್ನೆಯಲ್ಲಿ, ದವಡೆ ಹಲ್ಲುಗಳ ಎದುರು ಸಿಗುತ್ತದೆ: ಕೆಂಪು ನೆಲದ ಮೇಲೆ ಉಪ್ಪಿನ ಹರಳು ಚೆಲ್ಲಿದಂಥ ಪುಟ್ಟ ಬಿಳಿ ಚುಕ್ಕೆಗಳು. ಹೆನ್ರಿ ಕಾಪ್ಲಿಕ್ 1896ರಲ್ಲಿ ವಿವರಿಸಿದ್ದರಿಂದ ಇವಕ್ಕೆ ಕಾಪ್ಲಿಕ್ ಚುಕ್ಕೆ ಎಂದೇ ಹೆಸರು. ಮೈಮೇಲೆ ದದ್ದು ಏಳುವ ಒಂದೆರಡು ದಿನ ಮೊದಲೇ ಇವು ಮೂಡುತ್ತವೆ. ದಡಾರವಾದರೋ ದದ್ದಿಗೆ 4 ದಿನ ಮೊದಲಿನಿಂದ 4 ದಿನ ನಂತರದವರೆಗೆ ಹರಡುತ್ತದೆ. ರೋಗಿ ಹೊರಟ ಮೇಲೂ ವೈರಸ್ 2 ಗಂಟೆಯವರೆಗೆ ಕೋಣೆಯ ಗಾಳಿಯಲ್ಲಿ ಉಳಿಯಬಲ್ಲದು. ಜ್ವರ, ಕೆಂಗಣ್ಣು, ಮೂಗು ಸೋರುವ ಮಗುವಿನ ಕೆನ್ನೆಯಲ್ಲಿ ಇವು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಮಗುವಿಗೆ ಮಾಸ್ಕ್ ಹಾಕಿ, ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ ತಿಳಿಸಿ ಕಳಿಸಿ, ಕೋಣೆಯನ್ನು 2 ಗಂಟೆ ಮುಚ್ಚಿಡಿ, ಆರೋಗ್ಯ ಇಲಾಖೆಗೆ ವರದಿ ಮಾಡಿ. ಲಸಿಕೆ ಆಗದ ಸಿಬ್ಬಂದಿ ಆ ಹೊತ್ತು ಅಲ್ಲಿದ್ದರೆ 72 ಗಂಟೆಯೊಳಗೆ ದಡಾರ, ಮಂಗನಬಾವು, ರುಬೆಲ್ಲಾಕ್ಕೆ ಕೊಡುವ ಎಂಎಂಆರ್ ಲಸಿಕೆ ಪಡೆದರೆ ಪ್ರಯೋಜನವಿದೆ. ಗರ್ಭಿಣಿಯರಿಗೆ ಈ ಲಸಿಕೆ ಕೊಡುವಂತಿಲ್ಲ. ಅವರು ಕೂಡಲೇ ವೈದ್ಯರನ್ನು ಕಾಣಬೇಕು.

ಮಂಗನಬಾವನ್ನು ಹಲ್ಲಿನ ಕೀವು ಎಂದುಕೊಂಡು ಕರೆತರುವವರು ಉಂಟು. ಮಂಗನಬಾವಿನ ಊತ ಕಿವಿಯ ಹಾಲೆಯನ್ನು ಮೇಲಕ್ಕೆ, ಹೊರಕ್ಕೆ ತಳ್ಳುತ್ತದೆ. ದವಡೆಯ ಮೂಲೆ ಕೈಗೆ ಸಿಗದಂತಾಗುತ್ತದೆ. ಹುಳಿ ತಿಂದರೆ ನೋವು ಏರುತ್ತದೆ. ಒಳಗೆ, ಮೇಲಿನ ಎರಡನೇ ದವಡೆ ಹಲ್ಲಿನ ಎದುರು ಜೊಲ್ಲು ಸುರಿಯುವ ರಂಧ್ರದ ಬಾಯಿ ಕೆಂಪಗೆ ಉಬ್ಬಿರಬಹುದು. ಹಲ್ಲುಗಳು ಮಾತ್ರ ತೂತಿಲ್ಲದೆ, ತಟ್ಟಿದರೆ ನೋಯದೆ ಇರುತ್ತವೆ.

ಟಾನ್ಸಿಲ್ ಮೇಲೆ ಅಂಟಿಕೊಂಡ ಬೂದು ಪೊರೆ, ಜೊತೆಗೆ ಊದಿದ ಕುತ್ತಿಗೆ ಗಂಟಲಮಾರಿಯ (ಡಿಫ್ತೀರಿಯಾ) ಗುರುತು. ಕೆರೆದು ನೋಡಬೇಡಿ, ರಕ್ತ ಬರುತ್ತದೆ. ಕೂಡಲೇ ಆಸ್ಪತ್ರೆಗೆ ಕಳಿಸಿ.

ಟಿಬಿ ಬಾಯಲ್ಲಿ ಅಪರೂಪಕ್ಕೆ ಕಾಣಿಸಿಕೊಳ್ಳುತ್ತದೆ, ಹೆಚ್ಚಾಗಿ ನಾಲಿಗೆಯ ಮೇಲೆ ಮಾಯದ ಹುಣ್ಣಾಗಿ. ಕುತ್ತಿಗೆಯಲ್ಲಿ ಒಂದಕ್ಕೊಂದು ಅಂಟಿದ, ನೋವಿಲ್ಲದ ಗಂಟುಗಳಿದ್ದರೆ ಮತ್ತಷ್ಟು ಅನುಮಾನಪಡಬೇಕು. ಎರಡು ವಾರದಲ್ಲಿ ಮಾಯದ ಯಾವ ಹುಣ್ಣನ್ನೂ ಮುಲಾಮು ಕೊಟ್ಟು ಕಳಿಸಬಾರದು. ಅದು ಕ್ಯಾನ್ಸರ್ ಕೂಡ ಆಗಿರಬಹುದು, ಬಯಾಪ್ಸಿಯೇ ಹೇಳಬೇಕು.

ಇನ್ನೊಂದು ಎಡವಟ್ಟು ಸೈನಸ್‌ನದು. ನೆಗಡಿ ಆಗಿ ವಾರವಾದ ಮೇಲೆ ಮೇಲಿನ ದವಡೆಯ ಮೂರ್ನಾಲ್ಕು ಹಲ್ಲು ಒಟ್ಟಿಗೇ ಜುಮ್ಮೆನ್ನುತ್ತವೆ. ಬಗ್ಗಿದರೆ, ಮೆಟ್ಟಿಲು ಇಳಿದರೆ ನೋವು ಹೆಚ್ಚುತ್ತದೆ. ಮೇಲಿನ ಹಲ್ಲುಗಳ ಬೇರು ಸೈನಸ್‌ನ ನೆಲಕ್ಕೆ ತಾಗಿಕೊಂಡೇ ಇರುವುದರಿಂದ ಹೀಗಾಗುತ್ತದೆ. ತಣ್ಣನೆಯದನ್ನು ತಾಗಿಸಿ ನೋಡುವ ಕೋಲ್ಡ್ ಟೆಸ್ಟಿಗೆ ಹಲ್ಲುಗಳು ಸರಿಯಾಗಿಯೇ ಸ್ಪಂದಿಸಿದರೆ ರೂಟ್ ಕೆನಾಲ್‌ಗೆ ಕೈಹಾಕಬೇಡಿ; ಚೆನ್ನಾಗಿರುವ ಹಲ್ಲು ಹಾಳಾಗುತ್ತದೆ, ನೋವೂ ಹೋಗುವುದಿಲ್ಲ. ಒಂದೇ ಮೂಗಿನ ಹೊಳ್ಳೆಯಿಂದ ದುರ್ವಾಸನೆಯ ಸೋರಿಕೆ ಇದ್ದರೆ ಉಲ್ಟಾ ಯೋಚಿಸಿ: ಕೆಟ್ಟ ಹಲ್ಲೇ ಸೈನಸ್‌ಗೆ ಸೋಂಕು ಹಬ್ಬಿಸಿರಬಹುದು.

ಮುಂದೂಡುವುದೇ, ಮಾಡುವುದೇ

ಕ್ಲೀನಿಂಗ್, ಫಿಲ್ಲಿಂಗ್, ಕ್ಯಾಪ್, ಕ್ಲಿಪ್ ಬಿಗಿ ಮಾಡುವುದು ಇವೆಲ್ಲ ಕಾಯಬಹುದು. ಜ್ವರದ ಮಾತ್ರೆ ಇಲ್ಲದೆಯೇ 24 ಗಂಟೆ ಜ್ವರ ಬಾರದಿರುವುದು, ಕೆಮ್ಮು ಇಳಿಯುತ್ತಿರುವುದು ಕನಿಷ್ಠ ಷರತ್ತು. ತುಂತುರು ಏಳುವ ಕೆಲಸವಾದರೆ ಹತ್ತು ದಿನ ಬಿಟ್ಟು ಕರೆಯುವುದು ಒಳ್ಳೆಯದು. ಮೂಗು ಕಟ್ಟಿದವರು ಅಂಗಾತ ಮಲಗಿ ಬಾಯಿ ತೆರೆದಿಟ್ಟು ಉಸಿರಾಡಲಾರರು; ತಟ್ಟನೆ ಕೆಮ್ಮಿದರೆ ಬರ್ ತಗಲಿ ನಾಲಿಗೆ ಹರಿಯಬಹುದು, ರೂಟ್ ಕೆನಾಲ್‌ನ ಸೂಜಿಯಂಥ ಫೈಲ್ ಗಂಟಲಿಗೆ ಜಾರಬಹುದು. ಮುಂದೂಡುವುದು ರೋಗಿಯ ಹಿತಕ್ಕೂ ಹೌದು.

ಶ್ವಾಸಕೋಶದ ಟಿಬಿ ಇರುವವರಿಗೆ ಅವರ ವೈದ್ಯರು ಸೋಂಕು ಹರಡುವ ಹಂತ ಮುಗಿದಿದೆ ಎಂದು ಬರೆದುಕೊಡುವವರೆಗೆ ಕಾಯಿರಿ. "ಎರಡು ವಾರದಿಂದ ಮಾತ್ರೆ ತಗೋತಿದ್ದೀನಿ" ಎಂಬ ಮಾತೊಂದೇ ಸಾಲದು. ಔಷಧಿಗೆ ಬಗ್ಗದ ಟಿಬಿಯೂ ಇರಬಹುದು. ಆದರೆ ಚಿಕಿತ್ಸೆ ಮುಗಿಸಿದವರನ್ನು, ಮೈಯಲ್ಲಿ ಸುಪ್ತವಾಗಿ ಮಾತ್ರ ಟಿಬಿ ಇರುವವರನ್ನು ನಿರಾಕರಿಸಲು ಕಾರಣವೇ ಇಲ್ಲ. ಅವರಿಂದ ಸೋಂಕು ಹರಡುವುದಿಲ್ಲ.

ಕಾಯಲಾಗದ್ದೂ ಇದೆ: ನಿಲ್ಲದ ರಕ್ತಸ್ರಾವ, ಏಟು ಬಿದ್ದು ಕಿತ್ತುಬಂದ ಹಲ್ಲು, ಮಾತ್ರೆಗೆ ಬಗ್ಗದ ನೋವು, ಹರಡುತ್ತಿರುವ ಊತ. ನಾಲಿಗೆಯ ಕೆಳಗೆ ಗಟ್ಟಿ ಊತ, ನುಂಗಲಾಗದೆ ಜೊಲ್ಲು ಸುರಿಯುವುದು, ಆಮ್ಲಜನಕದ ಪ್ರಮಾಣ ಶೇ 94ಕ್ಕಿಂತ ಕಡಿಮೆ, ನಿಮಿಷಕ್ಕೆ 30ಕ್ಕಿಂತ ಹೆಚ್ಚು ಉಸಿರು ಇವುಗಳಲ್ಲಿ ಒಂದಿದ್ದರೂ ಆಂಬುಲೆನ್ಸ್ ಕರೆಯಿರಿ, ಕ್ಲಿನಿಕ್‌ನಲ್ಲಿ ಸಾಹಸ ಬೇಡ. ಆಕ್ಸಿಮೀಟರ್ ಹಾಕುವ ಮೊದಲು ಉಗುರುಬಣ್ಣ ತೆಗೆಯಿರಿ, ತಣ್ಣಗಿರುವ ಬೆರಳನ್ನು ಬೆಚ್ಚಗಾಗಿಸಿ.

ಸೋಂಕಿರುವವರಿಗೆ ಮಾಡಲೇಬೇಕಾದರೆ ದಿನದ ಕೊನೆಯ ಸಮಯ ಕೊಡಿ. ತುಂತುರಿಲ್ಲದ ದಾರಿ ಹುಡುಕಿ: ಏರೋಟರ್ ಬದಲು ಕೈಯಲ್ಲಿ ಹುಳುಕು ಕೆರೆಯುವ ಎಕ್ಸ್‌ಕವೇಟರ್, ಡ್ರಿಲ್ ಮಾಡದೆ ಫೋರ್ಸೆಪ್ಸ್‌ನಿಂದ ಕೀಳುವುದು, ತಾನೇ ಕರಗುವ ಹೊಲಿಗೆ. ಬಾಯೊಳಗೆ ಫಿಲ್ಮ್ ಇಟ್ಟರೆ ವಾಕರಿಕೆ, ಕೆಮ್ಮು ಬರುತ್ತದೆ. ಹೊರಗಿನಿಂದಲೇ ಇಡೀ ದವಡೆ ತೆಗೆಯುವ ಒಪಿಜಿ ಎಕ್ಸ್‌ರೇ ಸಾಕಾದರೆ ಅದನ್ನೇ ತೆಗೆಸಿ. ಕಿತ್ತುಬಂದ ಹಲ್ಲನ್ನು ಗೂಡಿಗೆ ಕೂರಿಸಲು ಹೇಗೂ ತುಂತುರು ಬೇಕಿಲ್ಲ, ಅಲ್ಲಿ ತಡ ಮಾಡಿದಷ್ಟೂ ಹಲ್ಲು ಉಳಿಯುವ ಸಾಧ್ಯತೆ ಕಡಿಮೆಯಾಗುತ್ತದೆ.

ಸಕ್ಷನ್: ಎರಡು ಬೆರಳಿನ ಲೆಕ್ಕ

ಇಡೀ ಲೇಖನದಲ್ಲಿ ಒಂದನ್ನೇ ಅನುಸರಿಸುವುದಾದರೆ ಇದನ್ನು ಅನುಸರಿಸಿ. ದಪ್ಪ ಸಕ್ಷನ್, ಅಂದರೆ 8 ಮಿಲಿಮೀಟರಿಗೆ ಕಡಿಮೆಯಿಲ್ಲದ ಬಾಯಿಯ, ನಿಮಿಷಕ್ಕೆ 250 ಲೀಟರಿಗೂ ಹೆಚ್ಚು ಗಾಳಿ ಎಳೆಯುವ ಹೈ ವಾಲ್ಯೂಮ್ ಸಕ್ಷನ್, ಸರಿಯಾಗಿ ಹಿಡಿದರೆ ಸ್ಕೇಲರ್‌ನ ತುಂತುರಿನಲ್ಲಿ ಶೇ 90ಕ್ಕೂ ಹೆಚ್ಚನ್ನು ತಡೆಯಬಲ್ಲದು. ತುಟಿಗೆ ಸಿಕ್ಕಿಸುವ ಬಾಗಿದ ಸಣ್ಣ ಸಲೈವಾ ಇಜೆಕ್ಟರ್ ಬಾಯಲ್ಲಿ ನಿಂತ ನೀರು ತೆಗೆಯುತ್ತದೆ, ಅಷ್ಟೇ. ತುಂತುರನ್ನು ಹಿಡಿಯುವ ಶಕ್ತಿ ಅದಕ್ಕಿಲ್ಲ.

"ಸರಿಯಾಗಿ" ಎಂದರೆ ಸ್ಕೇಲರ್ ತುದಿಯಿಂದ 6ರಿಂದ 15 ಮಿಲಿಮೀಟರ್ ಒಳಗೆ, ಹೆಚ್ಚೆಂದರೆ ಒಂದು ಬೆರಳಗಲ. ಎರಡು ಬೆರಳಗಲ ಆಚೆ ಹೋದರೆ ಎಳೆತ ಥಟ್ಟನೆ ಬೀಳುತ್ತದೆ. ಅಸಿಸ್ಟೆಂಟ್ ಕೈ ಸೋತಾಗ ತುದಿ ತಾನಾಗಿ ಹಿಂದೆ ಸರಿಯುತ್ತದೆ. ಡಾಕ್ಟರಿಗೆ ಅದು ಕಾಣುವುದಿಲ್ಲ, ಕನ್ನಡಿಯ ಮೇಲೆ ಹನಿ ಹೆಚ್ಚಾದಾಗಲಷ್ಟೇ ಗೊತ್ತಾಗುತ್ತದೆ. ಒಬ್ಬರೇ ಕೆಲಸ ಮಾಡುವುದಾದರೆ ಬಾಯಿಕನ್ನಡಿಯನ್ನೇ ಸಕ್ಷನ್ ತುದಿಗೆ ಜೋಡಿಸಿದ ಸಾಧನ ಬಳಸಿ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಸ್ಕೇಲರ್ ಹಿಡಿದು, ತುಟಿಗೆ ಇಜೆಕ್ಟರ್ ನೇತುಹಾಕಿ ಕ್ಲೀನಿಂಗ್ ಮಾಡುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ದುರದೃಷ್ಟಕ್ಕೆ ಅದೇ ಹೆಚ್ಚು ಚಾಲ್ತಿಯಲ್ಲಿರುವುದು.

ಎಳೆತ ಕಡಿಮೆಯಾಯಿತೆಂದರೆ ಮೋಟಾರನ್ನು ಬೈಯುವ ಮೊದಲು ಚೇರಿನ ಬುಡದ ಜಾಲರಿ ತೆಗೆದು ನೋಡಿ. ಫಿಲ್ಲಿಂಗ್ ಚೂರು, ಹತ್ತಿ ಎಳೆ, ಹೆಪ್ಪುಗಟ್ಟಿದ ರಕ್ತ ಸೇರಿ ಅದು ಮುಚ್ಚಿಹೋಗಿರುತ್ತದೆ. ಬಳಸದಿರುವ ಇನ್ನೊಂದು ಸಕ್ಷನ್ ತೆರೆದೇ ಇದೆಯೇ, ಕೊಳವೆ ಚೇರಿನ ಕೆಳಗೆ ಮಡಿಚಿಕೊಂಡಿದೆಯೇ ನೋಡಿ.

ಇಜೆಕ್ಟರ್ ಸುತ್ತ ತುಟಿ ಮುಚ್ಚಿ ಉಗುಳಿ ಎಂದು ರೋಗಿಗೆ ಹೇಳುವ ಅಭ್ಯಾಸ ಬಿಡಬೇಕು. ತುಟಿ ಬಿಗಿದು ಚೀಪಿದಾಗ ಬಾಯೊಳಗಿನ ಒತ್ತಡ ಕೊಳವೆಯದಕ್ಕಿಂತ ಕಡಿಮೆಯಾಗುತ್ತದೆ. ಹಿಂದಿನ ರೋಗಿಯ ಎಂಜಲು ಕೊಳವೆಯಿಂದ ಇವರ ಬಾಯಿಗೆ ವಾಪಸ್ ಬರಬಹುದು. ಪ್ರತಿ ರೋಗಿಯ ನಂತರ ಒಂದು ಲೋಟ ನೀರು ಎಳೆಸಿ. ದಿನದ ಕೊನೆಗೆ ನೊರೆ ಬಾರದ ಸಕ್ಷನ್ ಕ್ಲೀನರ್ ಹಾಕಿ. ಬ್ಲೀಚ್ ಬೇಡ: ಲೋಹ ತಿನ್ನುತ್ತದೆ, ಕೊಳವೆಯಲ್ಲಿ ಕೂತ, ಪಾದರಸ ಬೆರೆತ ಫಿಲ್ಲಿಂಗ್ ಲೋಹ ಅಮಾಲ್ಗಮ್‌ನಿಂದ ಪಾದರಸ ಬಿಡಿಸುತ್ತದೆ.

ಮಿಕ್ಕ ಸಣ್ಣ ಅಭ್ಯಾಸಗಳಿವು. ನೀರು, ಗಾಳಿ ಎರಡನ್ನೂ ಬಿಡುವ ತ್ರೀ ವೇ ಸಿರಿಂಜಿನ ಎರಡೂ ಗುಂಡಿ ಒಟ್ಟಿಗೆ ಒತ್ತಬೇಡಿ. ಮೊದಲು ನೀರು, ಆಮೇಲೆ ಸಕ್ಷನ್, ಕೊನೆಗೆ ಮೆಲ್ಲಗೆ ಗಾಳಿ. ಫಿಲ್ಲಿಂಗ್, ರೂಟ್ ಕೆನಾಲ್‌ಗೆ ಹಲ್ಲನ್ನಷ್ಟೇ ಹೊರಗೆ ಬಿಟ್ಟು ಬಾಯಿ ಮುಚ್ಚುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್ ಹಾಕಿದರೆ ತುಂತುರಿಗೆ ಎಂಜಲು ಬೆರೆಯುವುದೇ ತಪ್ಪುತ್ತದೆ. ಆದರೆ ಮೂಗು ತೆರೆದೇ ಇರುವುದರಿಂದ ಉಸಿರಿನ ಸೋಂಕಿಗೆ ಅದು ಪೂರ್ತಿ ತಡೆಯಲ್ಲ. ಶುರುವಿಗೆ 0.12 ಅಥವಾ 0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್ 10ರಿಂದ 15 ಮಿಲಿಲೀಟರ್ ಕೊಟ್ಟು ಅರ್ಧದಿಂದ ಒಂದು ನಿಮಿಷ ಮುಕ್ಕಳಿಸಲು ಹೇಳುವುದರಿಂದ ಬಾಯಿಯ ಬ್ಯಾಕ್ಟೀರಿಯಾ ಇಳಿಯುತ್ತದೆ. ಮೂಗು, ಗಂಟಲು, ಶ್ವಾಸಕೋಶದಿಂದ ಬರುವ ವೈರಸ್‌ಗೆ ಅದು ಉತ್ತರವಲ್ಲ. ಮುಕ್ಕಳಿಸಿಯಾಯಿತಲ್ಲ ಎಂದು ಸಕ್ಷನ್ ದೂರ ಹಿಡಿಯಬೇಡಿ.

ಮಾಸ್ಕ್

ಸರ್ಜಿಕಲ್ ಮಾಸ್ಕ್ ಚಿಮ್ಮುವ ಹನಿ ತಡೆಯುತ್ತದೆ. ಕೆನ್ನೆಯ ಪಕ್ಕದ ಸಂದಿಯಿಂದ ಗಾಳಿ ಒಳಬರುತ್ತಲೇ ಇರುತ್ತದೆ. ಸೋಂಕು ಹರಡಿರುವ ಕಾಲದಲ್ಲಿ ತುಂತುರಿನ ಕೆಲಸಕ್ಕೆ, ಮತ್ತು ಟಿಬಿ, ದಡಾರ, ಕೋವಿಡ್ ಅನುಮಾನವಿದ್ದಾಗ ಯಾವ ಕೆಲಸಕ್ಕೂ ಎನ್95 ಬೇಕು. ಮೇಲಿನ ಪಟ್ಟಿ ನೆತ್ತಿಯ ಹಿಂದೆ, ಕೆಳಗಿನದು ಕಿವಿಯ ಕೆಳಗೆ ಕತ್ತಿನ ಸುತ್ತ. ಮೂಗಿನ ತಂತಿಯನ್ನು ಎರಡೂ ಕೈಬೆರಳಿಂದ ಒತ್ತಿ. ಒಂದೇ ಕೈಯಲ್ಲಿ ಚಿವುಟಿದರೆ ನಡುವೆ ಮೊನಚಾಗಿ ಪಕ್ಕದಲ್ಲಿ ಸಂದಿ ಉಳಿಯುತ್ತದೆ. ಜೋರಾಗಿ ಉಸಿರು ಬಿಟ್ಟಾಗ ಕಣ್ಣಿನ ಕಡೆ ಗಾಳಿ ತಾಗಿದರೆ, ಕನ್ನಡಕ ಮಬ್ಬಾದರೆ ಅದು ಸರಿಯಾಗಿ ಕೂತಿಲ್ಲ. ಗಡ್ಡದ ಮೇಲೆ ಯಾವ ಎನ್95 ಕೂಡ ಕೂರುವುದಿಲ್ಲ. ಉಸಿರು ಹೊರಬಿಡುವ ವಾಲ್ವ್ ಇರುವುದು ಬೇಡ, ನಿಮ್ಮ ಉಸಿರು ಸೋಸದೆ ರೋಗಿಯ ಬಾಯಿಯ ಮೇಲೆ ಬೀಳುತ್ತದೆ. ಸರ್ಜಿಕಲ್ ಮಾಸ್ಕನ್ನು ಪ್ರತಿ ರೋಗಿಗೂ ಬದಲಿಸಿ, ಒದ್ದೆಯಾದರೆ ನಡುವೆಯೇ ಬದಲಿಸಿ. ಫೇಸ್ ಶೀಲ್ಡ್ ಕಣ್ಣಿಗೆ, ಮಾಸ್ಕಿನ ಜಾಗಕ್ಕಲ್ಲ.

ತೆಗೆಯುವಾಗ ಗ್ಲೌಸ್, ಶೀಲ್ಡ್ ಅಥವಾ ಕನ್ನಡಕ, ಗೌನು ಈ ಕ್ರಮದಲ್ಲಿ ತೆಗೆದು, ಕೋಣೆಯಿಂದ ಹೊರಬಂದ ಮೇಲೆ ಎನ್95 ಅನ್ನು ಪಟ್ಟಿ ಹಿಡಿದು ಬಿಚ್ಚಿ. ಆಮೇಲೆ ಕೈ ತೊಳೆಯಿರಿ: ಸೋಪಾದರೆ 40ರಿಂದ 60 ಸೆಕೆಂಡ್, ಆಲ್ಕೋಹಾಲ್ ರಬ್ ಆದರೆ 20ರಿಂದ 30 ಸೆಕೆಂಡ್. ಮಾಸ್ಕನ್ನು ಗದ್ದಕ್ಕೆ ಇಳಿಸಿ ಫೋನಿನಲ್ಲಿ ಮಾತಾಡಿ ಮತ್ತೆ ಏರಿಸಿದರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ.

ಕೋಣೆಯ ಗಾಳಿ

ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಹೊರಗಿನ ಗಾಳಿ ತರುವುದಿಲ್ಲ. ಕೋಣೆಯ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ ಎಂಬುದೇ ಇಲ್ಲಿ ಲೆಕ್ಕ. ಗಂಟೆಗೆ 2 ಸಲವಾದರೆ ತೇಲುವ ಕಣಗಳಲ್ಲಿ ಶೇ 99ರಷ್ಟು ಹೋಗಲು 138 ನಿಮಿಷ ಬೇಕು. 6 ಸಲವಾದರೆ 46 ನಿಮಿಷ, 12 ಸಲವಾದರೆ 23 ನಿಮಿಷ. ಇದು ಗಾಳಿ ಮೂಲೆ ಮೂಲೆಗೂ ಚೆನ್ನಾಗಿ ಬೆರೆಯುತ್ತದೆ ಎಂದುಕೊಂಡು ಹಾಕಿದ ಲೆಕ್ಕ. ನಿಜವಾದ ಕೋಣೆಯಲ್ಲಿ ಇನ್ನೂ ಹೆಚ್ಚು ಹಿಡಿಯುತ್ತದೆ.

ನಿಮ್ಮ ಕೋಣೆಗೆ ಲೆಕ್ಕ ಹಾಕಿ ನೋಡಿ. 3 ಮೀಟರ್ ಅಗಲ, 4 ಮೀಟರ್ ಉದ್ದ, 3 ಮೀಟರ್ ಎತ್ತರವೆಂದರೆ 36 ಘನ ಮೀಟರ್. 12 ಸಲ ಬದಲಾಗಲು ಗಂಟೆಗೆ 432 ಘನ ಮೀಟರ್ ಶುದ್ಧ ಗಾಳಿ ಬೇಕು. ಎಕ್ಸಾಸ್ಟ್ ಫ್ಯಾನ್ ಅರ್ಧ, ಸೂಕ್ಷ್ಮ ಕಣ ಸೋಸುವ ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್ ಅರ್ಧ ಎಂದು ಹಂಚಿಕೊಳ್ಳಬಹುದು. ಪ್ಯೂರಿಫೈಯರ್ ಡಬ್ಬಿಯ ಮೇಲಿನ ಅಂಕಿ ಅತಿ ಹೆಚ್ಚು ವೇಗದ್ದು. ಸದ್ದು ತಾಳಲಾರದೆ ಕಡಿಮೆ ವೇಗದಲ್ಲಿ ಇಟ್ಟರೆ ಲೆಕ್ಕವೆಲ್ಲ ತಪ್ಪುತ್ತದೆ. ಬೇಕಾದ್ದಕ್ಕಿಂತ ದೊಡ್ಡದನ್ನು ಕೊಂಡು ನಡುವೇಗದಲ್ಲಿ ಓಡಿಸಿ.

ಜಾಗವೂ ಮುಖ್ಯ. ಪ್ಯೂರಿಫೈಯರ್ ರೋಗಿಯ ತಲೆಯ ಹತ್ತಿರ ಇರಲಿ. ಕೊಳೆ ಗಾಳಿ ಅದರತ್ತ ಹೋಗುವಾಗ ಡಾಕ್ಟರ, ಅಸಿಸ್ಟೆಂಟ್ ಮುಖ ದಾಟಿ ಹೋಗಬಾರದು. ಎಕ್ಸಾಸ್ಟ್ ಒಂದು ಗೋಡೆಯಲ್ಲಿದ್ದರೆ ಗಾಳಿ ಒಳಬರುವ ಕಿಟಕಿ ಎದುರು ಗೋಡೆಯಲ್ಲಿರಲಿ. ಪಕ್ಕಪಕ್ಕದಲ್ಲಿದ್ದರೆ ಬಂದ ಗಾಳಿ ಕೋಣೆ ಸುತ್ತದೆ ಹಾಗೇ ಹೊರಟುಹೋಗುತ್ತದೆ. ತೆಳು ಟಿಶ್ಯೂ ಪಟ್ಟಿಯೊಂದನ್ನು ಬಾಗಿಲ ಸಂದಿಯಲ್ಲಿ ಹಿಡಿಯಿರಿ. ಅದು ಚೇರಿನ ಕೋಣೆಯ ಒಳಕ್ಕೆ ಬಾಗಿದರೆ ಸರಿ. ಕಾಯುವವರ ಕಡೆಗೆ ಬಾಗಿದರೆ ರೋಗಿಯ ಬಾಯಿಯ ತುಂತುರು ರಿಸೆಪ್ಷನ್‌ಗೆ ಹೋಗುತ್ತಿದೆ ಎಂದರ್ಥ.

ಫಾಗಿಂಗ್ ಯಂತ್ರಕ್ಕೆ ಹಣ ಹಾಕುವ ಬದಲು ಆ ಹಣವನ್ನು ಎಕ್ಸಾಸ್ಟ್‌ಗೆ ಹಾಕುವುದು ಲೇಸು. ಹೊಗೆಯಂಥ ರಾಸಾಯನಿಕ ಸಿಬ್ಬಂದಿಯ ಗಂಟಲು ಕೆರೆಯುತ್ತದೆ, ಒರೆಸುವ ಕೆಲಸ ಹಾಗೇ ಉಳಿದಿರುತ್ತದೆ.

ಮರೆತುಹೋಗುವ ನೀರು

ತುಂತುರಿನಲ್ಲಿ ಬಹುಪಾಲು ಯಂತ್ರದ್ದೇ ನೀರು. ಆ ನೀರು ಕೊಳೆಯಾಗಿದ್ದರೆ ಆರೋಗ್ಯವಂತ ರೋಗಿಯ ಬಾಯಿಂದಲೂ ಸೋಂಕು ಎದ್ದೀತು. ಡೆಂಟಲ್ ಯೂನಿಟ್‌ನ ಕೊಳವೆಗಳು ತೀರ ಸಣ್ಣವು, ನೀರು ದಿನದ ಹೆಚ್ಚು ಹೊತ್ತು ಅಲ್ಲೇ ನಿಂತಿರುತ್ತದೆ. ಒಳಗೋಡೆಯಲ್ಲಿ ಲೋಳೆಯಂಥ ಬಯೋಫಿಲ್ಮ್ ಬೆಳೆಯುತ್ತದೆ. 20ರಿಂದ 45 ಡಿಗ್ರಿ ಸೆಲ್ಸಿಯಸ್‌ನ ನೀರು ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಹಿಡಿಸುತ್ತದೆ. ಹಲ್ಲು ಜುಮ್ಮೆನ್ನದಿರಲೆಂದು ನೀರು ಬೆಚ್ಚಗೆ ಮಾಡುವ ಹೀಟರ್ ಈ ಕಾರಣಕ್ಕೇ ಬೇಡ. 2011ರಲ್ಲಿ ಇಟಲಿಯಲ್ಲಿ 82 ವರ್ಷದ ಮಹಿಳೆಯೊಬ್ಬರು ಲೀಜಿಯೊನೇರ್ಸ್ ನ್ಯುಮೋನಿಯಾದಿಂದ ತೀರಿಕೊಂಡರು. ಅವರಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಅವರು ಹೋಗಿದ್ದ ದಂತ ಚಿಕಿತ್ಸಾಲಯದ ನೀರಿನ ಕೊಳವೆಯಲ್ಲಿ ಸಿಕ್ಕದ್ದಕ್ಕೆ ಹೊಂದಿತು.

ನೀರು ಮಿಲಿಲೀಟರಿಗೆ 500 ಬ್ಯಾಕ್ಟೀರಿಯಾ ಗುಂಪುಗಳನ್ನು ಮೀರಬಾರದು. ಅದಕ್ಕೆ ಮಾಡಬೇಕಾದದ್ದು:

1. ಸಂಜೆ ನೀರಿನ ಬಾಟಲಿ ಖಾಲಿ ಮಾಡಿ, ಕೊಳವೆಗಳಲ್ಲಿ ಗಾಳಿ ಊದಿ, ಬಾಟಲಿಯನ್ನು ಬೋರಲು ಹಾಕಿ ಒಣಗಿಸಿ. ಕೊಳವೆ ಶುದ್ಧಗೊಳಿಸುವ ಕಂಪನಿಯ ಔಷಧಿ ಅಲ್ಲೇ ಉಳಿಯಬೇಕೆಂದಿದ್ದರೆ ಅದರಂತೆ ಮಾಡಿ.
2. ಬೆಳಿಗ್ಗೆ ಹ್ಯಾಂಡ್‌ಪೀಸ್ ಜೋಡಿಸದೆ ಪ್ರತಿ ಕೊಳವೆಯಲ್ಲೂ 2 ನಿಮಿಷ ನೀರು ಬಿಡಿ.
3. ಪ್ರತಿ ರೋಗಿಯ ನಂತರ 20ರಿಂದ 30 ಸೆಕೆಂಡ್ ನೀರು, ಗಾಳಿ ಬಿಡಿ. ಹ್ಯಾಂಡ್‌ಪೀಸ್ ನಿಂತಾಗ ಒಳಕ್ಕೆ ಎಳೆದುಕೊಂಡ ಎಂಜಲು ಇದರಿಂದ ಹೊರಬರುತ್ತದೆ. ಹ್ಯಾಂಡ್‌ಪೀಸನ್ನು ಒರೆಸಿದರೆ ಸಾಲದು, ಪ್ರತಿ ರೋಗಿಗೂ ಒತ್ತಡದ ಹಬೆಯ ಆಟೋಕ್ಲೇವ್‌ನಲ್ಲಿ ಸೋಂಕುಮುಕ್ತ ಆಗಬೇಕು.
4. ಯೂನಿಟ್ ತಯಾರಕರು ಒಪ್ಪಿದ ವಾಟರ್‌ಲೈನ್ ಔಷಧಿಯನ್ನು ಹೇಳಿದ ಅಂತರದಲ್ಲಿ ಹಾಕಿ. ವಾರಗಟ್ಟಲೆ ಮುಚ್ಚಿದ್ದ ಕ್ಲಿನಿಕ್ ತೆರೆಯುವಾಗ ಕೊಳವೆಗೆ ಪ್ರಬಲ ಔಷಧಿ ಹಾಕಿ ತೊಳೆಯುವ ಶಾಕ್ ಟ್ರೀಟ್‌ಮೆಂಟ್ ಮಾಡದೆ ಶುರುಮಾಡಬೇಡಿ.
5. ಮೊದಲು ತಿಂಗಳಿಗೊಮ್ಮೆ, ಫಲಿತಾಂಶ ಸರಿ ಬರತೊಡಗಿದ ಮೇಲೆ ಮೂರು ತಿಂಗಳಿಗೊಮ್ಮೆ ನೀರು ಪರೀಕ್ಷೆಗೆ ಕಳಿಸಿ.

ಡಿಸ್ಟಿಲ್ಡ್ ನೀರೇ ಹಾಕುತ್ತೇವೆ, ಭಯವಿಲ್ಲ ಎಂಬ ಮಾತು ಸಾಮಾನ್ಯ. ಬಾಟಲಿಯ ನೀರು ಎಷ್ಟೇ ಶುದ್ಧವಿರಲಿ, ಕೊಳವೆಯೊಳಗಿನ ಲೋಳೆ ಅದನ್ನು ಕೆಡಿಸುತ್ತದೆ. ನೀರು ಬಿಡುವುದರಿಂದಲೂ ಲೋಳೆ ಹೋಗುವುದಿಲ್ಲ, ತೇಲುವ ಕೊಳೆ ಮಾತ್ರ ಹೋಗುತ್ತದೆ. ಎಲುಬು ಕೊರೆಯುವ ಸರ್ಜರಿಗೆ ಯೂನಿಟ್‌ನ ನೀರನ್ನು ಮುಟ್ಟಲೇಬೇಡಿ. ಸ್ಟೆರೈಲ್ ಸಲೈನ್ ಬೇಕು, ಅದೂ ಬೇರೆ ಸಿರಿಂಜ್ ಅಥವಾ ಸ್ಟೆರೈಲ್ ಕೊಳವೆಯಿಂದ.

ರೋಗಿ ಎದ್ದ ಮೇಲೆ

ಒರೆಸಲು ಬರುವವರು ಮಾಸ್ಕ್ ಹಾಕಿಯೇ ಒಳಬರಬೇಕು. ಗಾಳಿ ಇನ್ನೂ ತಿಳಿಯಾಗಿರುವುದಿಲ್ಲ. ಔಷಧಿಯನ್ನು ಮೇಜಿನ ಮೇಲೆ ಸ್ಪ್ರೇ ಮಾಡುವ ಬದಲು ಬಟ್ಟೆಗೆ ಹಾಕಿ ಒರೆಸಿ. ಮೊದಲು ಕೊಳೆ ತೆಗೆಯಿರಿ, ಆಮೇಲೆ ಸೋಂಕುನಿವಾರಕ. ರಕ್ತ, ಎಂಜಲಿನ ಮೇಲೆ ನೇರ ಹಾಕಿದರೆ ಅದು ಕೆಲಸ ಮಾಡುವುದಿಲ್ಲ. 5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಇದ್ದರೆ 20 ಮಿಲಿಲೀಟರಿಗೆ 980 ಮಿಲಿಲೀಟರ್ ನೀರು ಸೇರಿಸಿದರೆ 0.1 ಶೇಕಡಾ ಆಗುತ್ತದೆ, ಮೇಜು, ಹಿಡಿಕೆಗಳಿಗೆ ಸಾಕು. ರಕ್ತ ಚೆಲ್ಲಿದ ಜಾಗಕ್ಕೆ 100 ಮಿಲಿಲೀಟರಿಗೆ 900 ಮಿಲಿಲೀಟರ್, ಅಂದರೆ 0.5 ಶೇಕಡಾ. 10 ನಿಮಿಷ ಒದ್ದೆಯಾಗಿಯೇ ಇರಲಿ. ದಿನವೂ ಹೊಸದಾಗಿ ಬೆರೆಸಿ, ಆಸಿಡ್ ಕ್ಲೀನರ್ ಜೊತೆ ಎಂದಿಗೂ ಸೇರಿಸಬೇಡಿ, ವಿಷಗಾಳಿ ಏಳುತ್ತದೆ. ಲೋಹದ ಭಾಗಕ್ಕೆ 70 ಶೇಕಡಾ ಆಲ್ಕೋಹಾಲ್ ವಾಸಿ. ಲೈಟಿನ ಹಿಡಿಕೆ, ಚೇರಿನ ಗುಂಡಿ, ಸಿರಿಂಜಿನ ಹಿಡಿ, ಕೀಬೋರ್ಡ್ ಇವಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಪ್ರತಿ ರೋಗಿಗೂ ಬದಲಿಸಿದರೆ ಅರ್ಧ ಕೆಲಸ ಉಳಿಯುತ್ತದೆ.

ಸಿಬ್ಬಂದಿ

ರೋಗಿಗೆ ಹಾಕುವ ನಿಯಮ ಡಾಕ್ಟರಿಗೂ ಅನ್ವಯಿಸಬೇಕು. ಜ್ವರ ಬಂದ ಡಾಕ್ಟರು ಮಾತ್ರೆ ನುಂಗಿ ಕೆಲಸಕ್ಕೆ ನಿಂತರೆ ಅಸಿಸ್ಟೆಂಟ್ ರಜೆ ಕೇಳಲು ಹಿಂಜರಿಯುತ್ತಾರೆ. ಹುಷಾರಿಲ್ಲದ ದಿನದ ಸಂಬಳ ಕತ್ತರಿಸುವ ಕಡೆ ಕೆಮ್ಮು ಮುಚ್ಚಿಡುವುದು ರೋಗಿಗಳಷ್ಟೇ ಅಲ್ಲ. ಪ್ರತಿ ವರ್ಷ ಫ್ಲೂ ಲಸಿಕೆ, ಜೊತೆಗೆ ಎಂಎಂಆರ್, ಚಿಕನ್‌ಪಾಕ್ಸ್, ನಾಯಿಕೆಮ್ಮು ಸೇರಿದ ಟಿಡ್ಯಾಪ್, ಕೋವಿಡ್ ಲಸಿಕೆ ಯಾರಿಗೆ ಯಾವಾಗ ಆಗಿದೆ ಎಂಬ ಪಟ್ಟಿ ಕ್ಲಿನಿಕ್‌ನಲ್ಲಿರಲಿ.

ಆ ಪಟ್ಟಿಯಲ್ಲಿ ಸಂಜೆ ಗುಡಿಸಲು ಬರುವವರ ಹೆಸರೂ ಇರಬೇಕು. ದಿನವಿಡೀ ನೆಲಕ್ಕೆ ಇಳಿದ ಕಣಗಳ ಹತ್ತಿರ ಬಗ್ಗಿ ಕೆಲಸ ಮಾಡುವವರು ಅವರೇ, ಮಾಸ್ಕ್ ಹಾಕುವುದನ್ನು ಯಾರೂ ಹೇಳಿಕೊಡದಿರುವುದೂ ಅವರಿಗೇ. ಅವರ ಕೈಗೆ ಒಣ ಪೊರಕೆ ಕೊಡಬೇಡಿ, ಕೂತ ದೂಳು ಮತ್ತೆ ಏಳುತ್ತದೆ. ಒದ್ದೆ ಮಾಪ್ ಕೊಡಿ, ಎಕ್ಸಾಸ್ಟ್ ಫ್ಯಾನ್ ಅವರು ಮುಗಿಸಿ ಹೋಗುವವರೆಗೂ ಓಡುತ್ತಿರಲಿ.